ಸುಖಾಸನ ಪರೀಕ್ಷೆ

ಪರೀಕ್ಷೆಗೆ ಕುಳಿತುಕೊಳ್ಳುವುದು ಎಂಬ ಮಾತು ನಮ್ಮ ಕಾಲೇಜಿನಲ್ಲಿ ವರ್ಷಕ್ಕೆರಡು ಸಲ ಎಲ್ಲರ ಬಾಯಲ್ಲೂ ಬರುತ್ತದೆ. ಆದರೆ ಯೋಚಿಸಿ ನೋಡಿದರೆ, ಈ ಮಾತಿನಲ್ಲಿ ಕುಳಿತುಕೊಳ್ಳುವುದಕ್ಕೆ ಇರುವ ಬೆಲೆ ಬಹಳ ಕಡಮೆ. ಮೂರು ಗಂಟೆಯ ಕಾಲ ಕುಂಟು ಬೆಂಚಿನ ಮೇಲೆ ವಿದ್ಯಾರ್ಥಿ ಹೇಗೆ ಕುಳಿತಿದ್ದನೆಂಬುದಕ್ಕೆ ಯಾವ ಪರೀಕ್ಷಕನೂ ಅಂಕ ಕೊಡುವುದಿಲ್ಲ; ಕುಳಿತು ಏನು ಬರೆದನೆಂಬುದಕ್ಕೆ ಮಾತ್ರ ಅಂಕ. ಕುಳಿತುಕೊಳ್ಳುವುದನ್ನೇ ಪರೀಕ್ಷಿಸುವ, ಕುಳಿತದ್ದಕ್ಕೇ ಅಂಕ ಹಾಕುವ ಒಂದು ಪರೀಕ್ಷೆಯೂ ಲೋಕದಲ್ಲಿದೆಯೆಂದು ನನಗೆ ತಿಳಿದುಬಂದದ್ದು 2025ರ ದಸರಾ ರಜದಲ್ಲಿ. ಅದರ ವೃತ್ತಾಂತವನ್ನು ವಿದ್ಯಾರ್ಥಿ ಮಿತ್ರರ ಮುಂದಿಡಬೇಕೆಂದು ಈ ಬರಹ.

ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಮ್ಮನಿಗೆ ಒಂದು ಕಾರು ಕೊಳ್ಳಬೇಕೆಂಬ ಸಂಕಲ್ಪ ಹುಟ್ಟಿತು. ಅವನ ಹತ್ತಿರ ಕಾರು ಇಲ್ಲದೆ ಇರಲಿಲ್ಲ. ಆದರೆ ಆ ಕಾರಿನಲ್ಲಿ ನಮ್ಮ ಅಮ್ಮ ಕೂರಲಾರಳು. ಅಮ್ಮನಿಗೆ ಎಪ್ಪತ್ತೆರಡು ವರ್ಷ. ಬೆನ್ನಿನ ಡಿಸ್ಕು ಜರುಗಿ ಐದು ವರ್ಷವಾಯಿತು, ಮಂಡಿಗಳೆರಡೂ ಸವೆದಿವೆ. ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯಿಂದ ಆಗುಂಬೆಯ ಘಟ್ಟ ಇಳಿದರೆ ಹೆಬ್ರಿಯ ಕಡೆ ಅವಳ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಇದ್ದಾರೆ. ಅವರಿಗೆ ಎಂಬತ್ತೊಂದು. ಅವರು ಘಟ್ಟ ಹತ್ತಲಾರರು, ಇವಳು ಘಟ್ಟ ಇಳಿಯಲಾರಳು. ಮೂರು ವರ್ಷದಿಂದ ಅಕ್ಕತಂಗಿಯರ ಭೇಟಿಯೆಲ್ಲ ಟೆಲಿಫೋನಿನಲ್ಲಿ. ಇಬ್ಬರಿಗೂ ಕಿವಿ ಸ್ವಲ್ಪ ಮಂದವಾದದ್ದರಿಂದ ಆ ಭೇಟಿಯಲ್ಲಿ ಊರಿಗೆಲ್ಲ ಪಾಲು ಸಿಗುತ್ತಿತ್ತು. “ಇನ್ನು ನಾವು ಕಾಣುವುದು ಮೇಲೆ ಹೋದ ಮೇಲೆಯೇ” ಎಂದು ಒಂದು ದಿನ ಅಮ್ಮ ನಗುತ್ತ ಹೇಳಿದಳು. ತಮ್ಮ ನಗಲಿಲ್ಲ. ಅದೇ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲನೆಯ ದಿನ, ಸರ್ಕಾರವು ಕಾರುಗಳ ಮೇಲಿನ ತೆರಿಗೆಯನ್ನು ಬದಲಾಯಿಸಿತು. ದೊಡ್ಡ ಕಾರುಗಳ ಮೇಲಿದ್ದ ಶೇಕಡಾ 28ರ ಜಿ.ಎಸ್.ಟಿ.ಯೂ ಅದರ ಮೇಲಣ ಸೆಸ್ಸೂ ಹೋಗಿ ಒಟ್ಟು ಶೇಕಡಾ 40 ಎಂದಾಯಿತು. ಇಳಿದದ್ದೇ ಶಕುನವೆಂದು ತಿಳಿದು ತಮ್ಮ ಹೊರಟೇಬಿಟ್ಟ.

ಅವನು ಹುಡುಕುತ್ತಿದ್ದುದು ‘ಕಾಂಪ್ಯಾಕ್ಟ್ ಲಕ್ಷುರಿ ಎಸ್.ಯು.ವಿ.’ ಎಂಬ ಜಾತಿಯ ಕಾರು. ಈ ಹೆಸರನ್ನು ಬಿಡಿಸಿ ನೋಡುವುದು ಭಾಷಾಧ್ಯಾಪಕನಾದ ನನ್ನ ಚಟ. ಎಸ್ ಎಂದರೆ ಕ್ರೀಡೆ, ಯು ಎಂದರೆ ಉಪಯೋಗ, ವಿ ಎಂದರೆ ವಾಹನ. ಮೂಲದಲ್ಲಿ ಇವು ಕಾಡುಮೇಡು ಸುತ್ತುವ ಜೀಪಿನ ವಂಶದವು. ಜೀಪಿನ ಎತ್ತರವನ್ನು ಉಳಿಸಿಕೊಂಡು, ಅದರ ಒರಟುತನವನ್ನು ಬಿಟ್ಟು, ಸಾಧಾರಣ ಕಾರಿನ ಒಡಲಿನ ಮೇಲೆಯೇ ಕಟ್ಟಿದ ಚಿಕ್ಕ ಗಾಡಿಗಳು 1994ರಲ್ಲಿ ಟೊಯೋಟದ ರ್‍ಯಾವ್4 ಬಂದಂದಿನಿಂದ ಜನಪ್ರಿಯವಾದವು. ಜರ್ಮನಿಯ ಸಿರಿವಂತ ಕಂಪನಿಗಳು ಆ ಹಾದಿ ಹಿಡಿದದ್ದು ತಡವಾಗಿ: ಬಿ.ಎಂ.ಡಬ್ಲ್ಯು. ಎಕ್ಸ್1 ಹುಟ್ಟಿದ್ದು 2009ರಲ್ಲಿ, ಆಡಿ ಕ್ಯೂ3 2011ರಲ್ಲಿ, ಮರ್ಸಿಡಿಸ್ ಜಿ.ಎಲ್.ಎ. ಅದರ ತರುವಾಯ. ಇನ್ನು ‘ಕಾಂಪ್ಯಾಕ್ಟ್’, ಅಂದರೆ ಚಿಕ್ಕದು, ಎಂಬ ವಿಶೇಷಣ. ನಮ್ಮ ಅಪ್ಪನ ಹಳೆಯ ಅಂಬಾಸಿಡರ್ ಸುಮಾರು 4.3 ಮೀಟರು ಉದ್ದವಿತ್ತು. ಊರಿನಲ್ಲಿ ಅದನ್ನು ಎಲ್ಲರೂ ದೊಡ್ಡ ಕಾರು ಎನ್ನುತ್ತಿದ್ದರು. ಈಗಿನ ಎಕ್ಸ್1 ಎಂಬ ‘ಚಿಕ್ಕ’ ಕಾರಿನ ಉದ್ದ 4.5 ಮೀಟರು! ಅಗಲವಂತೂ ಅಂಬಾಸಿಡರಿಗಿಂತ ಹೆಚ್ಚುಕಡಮೆ ಒಂದು ಗೇಣು ಜಾಸ್ತಿ. ಅಪ್ಪ ಕಟ್ಟಿಸಿದ ಷೆಡ್ಡಿನಲ್ಲಿ ಅದನ್ನು ನುಗ್ಗಿಸಬಹುದು. ಆದರೆ ಒಳಗೆ ಹೋದ ಮೇಲೆ ಬಾಗಿಲು ತೆರೆದು ಇಳಿಯುವವನು ಸಪೂರನಾಗಿರಬೇಕು.

ತಮ್ಮ ಒಂದು ಅಂಕಪಟ್ಟಿಯನ್ನು ಸಿದ್ಧಪಡಿಸಿದ್ದ. ಮೇಲೆ ಕಾರುಗಳ ಹೆಸರು, ಎಡಕ್ಕೆ ನಲವತ್ತು ಸೌಕರ್ಯಗಳು. “ಅಣ್ಣಾ, ನೀನು ಮೌಲ್ಯಮಾಪನ ಮಾಡಿ ಮಾಡಿ ಪಳಗಿದವನು. ನಾನು ಒಂದು ಸಲ ಅಂಕ ಹಾಕುತ್ತೇನೆ, ನೀನು ಎರಡನೆಯ ಸಲ ನೋಡಿಬಿಡು” ಎಂದ. ವಿಶ್ವವಿದ್ಯಾಲಯದ ಭತ್ಯವಿಲ್ಲದೆ ಈ ಕೆಲಸಕ್ಕೆ ಒಪ್ಪಿದ್ದು ಅಮ್ಮನ ಬೆನ್ನಿನ ದಾಕ್ಷಿಣ್ಯಕ್ಕಾಗಿ.

ಪಟ್ಟಿಯನ್ನು ಓದುತ್ತ ಹೋದಂತೆ ನನಗೆ ಒಂದು ವಿಷಯ ವಿಚಿತ್ರವಾಗಿ ತೋರಿತು. ಆಸನವನ್ನು ಬಿಸಿಮಾಡುವ ಏರ್ಪಾಡು ಎಂಬುದೊಂದಿತ್ತು. ಹಿಮ ಬೀಳುವ ದೇಶದಲ್ಲಿ ಅದು ಪುಣ್ಯದ ಕೆಲಸವೇ ಸರಿ. ಆದರೆ ಏಪ್ರಿಲ್ಲಿನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಚರ್ಮದ ಆಸನವನ್ನು ಮುಟ್ಟಿದ ಕನ್ನಡಿಗನಿಗೆ ಅದನ್ನು ಸೂರ್ಯನೇ ಪುಕ್ಕಟೆಯಾಗಿ ಒದಗಿಸುತ್ತಾನೆ. ಅದಕ್ಕಿಂತ ಆಸನದ ಸಣ್ಣ ರಂಧ್ರಗಳಿಂದ ಗಾಳಿ ಹಾಯಿಸುವ ಏರ್ಪಾಡು ನಮಗೆ ಮೇಲು. ಇಡೀ ಚಾವಣಿಯೇ ಗಾಜಾಗಿರುವುದು ಇನ್ನೊಂದು ಸೌಕರ್ಯ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ದಾರಿಯಲ್ಲಿ ಅದನ್ನು ತೆರೆಯುವ ಧೀರನಿಗೆ ಸ್ನಾನದ ಖರ್ಚು ಉಳಿಯುತ್ತದೆ. ಜೊತೆಗೆ ಆ ಗಾಜಿನ ಚೌಕಟ್ಟು ಕೂರುವವರ ತಲೆಯ ಮೇಲಿನ ಜಾಗದಲ್ಲಿ ಒಂದಿಷ್ಟನ್ನು ತಿನ್ನುತ್ತದೆ. ಜಿ.ಎಲ್.ಎ. ಕಾರಿನ ಒಳದೀಪಗಳು 64 ಬಣ್ಣಗಳಲ್ಲಿ ಬೆಳಗುತ್ತವೆಯಂತೆ. ಅಷ್ಟು ಬಣ್ಣಗಳಿಗೆ ಕನ್ನಡದಲ್ಲಿ ಹೆಸರು ಹುಡುಕುವುದನ್ನು ಎಂ.ಎ. ತರಗತಿಗೆ ಪ್ರಬಂಧವಾಗಿ ಕೊಡಬಹುದೇ ಹೊರತು ಮಂಡಿನೋವಿಗೆ ಅದರಿಂದ ಉಪಶಮನ ದೊರೆಯುವಂತೆ ಕಾಣಲಿಲ್ಲ.

ಹಾಗೆಂದು ಪಟ್ಟಿಯಲ್ಲಿ ಸತ್ತ್ವವಿರಲಿಲ್ಲವೆಂದಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವ ಅಂತರವನ್ನು ತಮ್ಮ ಬರೆದಿಟ್ಟಿದ್ದ: ಜಿ.ಎಲ್.ಎ. 2729 ಮಿಲಿಮೀಟರು, ಎಕ್ಸ್1 2692, ಕ್ಯೂ3 2680. ಈ ಅಂತರ ಹೆಚ್ಚಿದ್ದಷ್ಟೂ ಸಾಮಾನ್ಯವಾಗಿ ಒಳಗೆ ಕಾಲು ಚಾಚಲು ಜಾಗ ಹೆಚ್ಚು. ಆದರೆ ಒಂದಂಗುಲ ಎರಡಂಗುಲದ ವ್ಯತ್ಯಾಸವನ್ನು ಆಸನದ ರಚನೆ ತಿರುಗುಮುರುಗು ಮಾಡಿಬಿಡಬಹುದು. ಕ್ಯೂ3 ಕಾರಿನಲ್ಲಿ ಹಿಂದಿನ ಆಸನವನ್ನೇ ಮುಂದಕ್ಕೂ ಹಿಂದಕ್ಕೂ ಜರುಗಿಸಬಹುದು. ಯುರೋಪಿನ ಅಪಘಾತ ಪರೀಕ್ಷೆಯಲ್ಲಿ ಮೂರೂ ಐದು ನಕ್ಷತ್ರ ಪಡೆದಿವೆ. ಕಾಗದದ ಮೇಲೆ ಮೂರೂ ಪ್ರಥಮ ದರ್ಜೆ. ಇನ್ನು ಮೌಖಿಕ ಪರೀಕ್ಷೆಯೇ ಗತಿಯೆಂದು ಅಮ್ಮನನ್ನು ಬೆಂಗಳೂರಿಗೆ ಕರೆತಂದೆವು, ರೈಲಿನಲ್ಲಿ, ಮಲಗಿಸಿಕೊಂಡು.

ಮುಂದೆ ಮಾರಾಟದ ಮಳಿಗೆಗಳಲ್ಲಿ ನಡೆದುದನ್ನು ಹೇಳುವಾಗ ಕಾರುಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಸಂಪಾದಕರು ಇದನ್ನು ಜಾಹೀರಾತೆಂದು ಭಾವಿಸಿ ನನ್ನಿಂದ ಶುಲ್ಕ ಕೇಳಿಯಾರು.

ಮೊದಲನೆಯ ಮಳಿಗೆಯಲ್ಲಿ ಕೋಟು ತೊಟ್ಟ ತರುಣನೊಬ್ಬ ನಮ್ಮನ್ನು ಸ್ವಾಗತಿಸಿ, ಕಾರಿನ ಹಿಂಬದಿಯಲ್ಲಿ ನಿಂತು ಗಾಳಿಯಲ್ಲಿ ಕಾಲನ್ನೊಮ್ಮೆ ಬೀಸಿದ. ಡಿಕ್ಕಿ ತಾನೇ ತೆರೆದುಕೊಂಡಿತು. ಅಮ್ಮ ಅದನ್ನು ನೋಡಿ, “ಒದ್ದರೆ ತೆರೆಯುತ್ತದಾ? ನಮ್ಮ ಕೊಟ್ಟಿಗೆಯ ಬಾಗಿಲೂ ಹಾಗೇ” ಎಂದಳು. ತರುಣ ಪಾಪ, ಒಳ್ಳೆಯವನು, ನಕ್ಕುಬಿಟ್ಟ. ಆಮೇಲೆ ಅವನಿಗೆ ನಮ್ಮ ಉದ್ದೇಶ ಅರ್ಥವಾಗಿ, ಮಾತು ಬಿಟ್ಟು ಸಹಾಯಕ್ಕೆ ನಿಂತ.

ಕಾರಿನೊಳಗೆ ಹೋಗುವುದು ಎಂಬ ಕ್ರಿಯೆಯಲ್ಲಿ ಎಷ್ಟು ಉಪಕ್ರಿಯೆಗಳಿವೆಯೆಂದು ಮಂಡಿ ನೆಟ್ಟಗಿರುವವರಿಗೆ ತಿಳಿಯದು. ಆಸನ ತೀರ ತಗ್ಗಾಗಿದ್ದರೆ ಮೈಯ ಭಾರವೆಲ್ಲ ಮಂಡಿಯ ಮೇಲೆ ಬಿದ್ದು, ಕೊನೆಯ ಅರ್ಧ ಗೇಣಿನಲ್ಲಿ ಮನುಷ್ಯ ಧೊಪ್ಪನೆ ಬೀಳುತ್ತಾನೆ. ಆ ಪೆಟ್ಟು ನೇರವಾಗಿ ಬೆನ್ನಿಗೆ. ತೀರ ಎತ್ತರವಾಗಿದ್ದರೆ ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಎತ್ತಬೇಕು; ಸವೆದ ಮಂಡಿಗೆ ಅದೂ ಶಿಕ್ಷೆ. ನಿಂತವರ ಪೃಷ್ಠದ ಮಟ್ಟಕ್ಕೆ ಸರಿಯಾಗಿ ಆಸನವಿದ್ದರೆ, ಬೆನ್ನು ತಿರುಗಿಸಿ ಕುಳಿತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತೆಗೆದುಕೊಳ್ಳಬಹುದು. ಈ ಜಾತಿಯ ಕಾರಿಗೆ ವೃದ್ಧರು ಮನಸೋಲುವುದಕ್ಕೆ ಇದೇ ಕಾರಣ; ಕ್ರೀಡೆಯೂ ಅಲ್ಲ, ಕಾಡೂ ಅಲ್ಲ. ಆದರೆ ನಲವತ್ತು ಸಾಲಿನ ಪಟ್ಟಿಯಲ್ಲಿ ಈ ಎತ್ತರಕ್ಕೆ ಒಂದು ಸಾಲೂ ಇರಲಿಲ್ಲ, ಕಂಪನಿಯ ಪುಸ್ತಿಕೆಯಲ್ಲೂ ಕಾಣಲಿಲ್ಲ. ಅಮ್ಮನನ್ನು ನಿಲ್ಲಿಸಿ ಗೇಣು ಹಾಕಿ ಅಳೆದೆ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹೊಸ್ತಿಲು ಎಷ್ಟು ದಪ್ಪ, ಹಿಡಿದುಕೊಳ್ಳಲು ಮೇಲೆ ಹಿಡಿ ಇದೆಯೋ ಇಲ್ಲವೋ ಎಂದು ಹೊಸ ಸಾಲುಗಳನ್ನು ಬರೆದೆ.

ಅನಂತರ ಓಡಿಸಿ ನೋಡುವ ಪರೀಕ್ಷೆ. ನಯವಾದ ದೊಡ್ಡ ರಸ್ತೆಯಲ್ಲಿ ಎಲ್ಲ ಕಾರುಗಳೂ ಸಾಧುಗಳೇ. ಅವುಗಳ ನಿಜವಾದ ಗುಣ ಗೊತ್ತಾಗುವುದು ರಸ್ತೆಯ ಉಬ್ಬಿನಲ್ಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಉಬ್ಬು 3.7 ಮೀಟರು ಅಗಲವಾಗಿಯೂ 10 ಸೆಂಟಿಮೀಟರು ಎತ್ತರವಾಗಿಯೂ ಇದ್ದು, ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟುವಂತಿರಬೇಕು. ನಮ್ಮ ಬಡಾವಣೆಗಳಲ್ಲಿ ಜನರು ತಮ್ಮ ತಮ್ಮ ಕೋಪದ ಪ್ರಮಾಣಕ್ಕೆ ತಕ್ಕಂತೆ ಕಟ್ಟಿಕೊಂಡಿರುವ ಉಬ್ಬುಗಳು ಈ ನಿಯಮಕ್ಕೆ ನಿಲುಕುವುವಲ್ಲ. ಅಂಥ ಒಂದು ಗಲ್ಲಿಗೆ ಹೋಗೋಣವೆಂದಾಗ ಮಾರುವವರ ಮುಖ ಬಾಡಿತು, ಆದರೂ ಹೋದೆವು.

ಅಲ್ಲಿ ನಮಗೆ ಟೈರಿನ ಮಹಿಮೆ ಗೊತ್ತಾಯಿತು. ಟೈರಿನ ಮೇಲೆ 225/55 ಆರ್18 ಎಂದು ಬರೆದಿದ್ದರೆ ಅದರ ಅಗಲ 225 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 55, ಅಂದರೆ ಸುಮಾರು 124 ಮಿಲಿಮೀಟರು, ಒಳಗಿನ ಚಕ್ರ 18 ಅಂಗುಲ ಎಂದರ್ಥ. ಅದೇ 245/40 ಆರ್20 ಆದರೆ ಗೋಡೆ 98 ಮಿಲಿಮೀಟರಿಗೆ ಇಳಿಯಿತು. ಗುಂಡಿಗೂ ನಮ್ಮ ಬೆನ್ನಿಗೂ ನಡುವೆ ಮೊದಲು ನಿಂತಿರುವುದು ಈ ರಬ್ಬರಿನ ಗೋಡೆ ಮತ್ತು ಅದರೊಳಗಿನ ಗಾಳಿ. ಚಕ್ರ ದೊಡ್ಡದಾದಂತೆ ಕಾರಿಗೆ ಠೀವಿ ಹೆಚ್ಚುತ್ತದೆ, ಬೆನ್ನಿಗೆ ರಕ್ಷೆ ಕಡಮೆಯಾಗುತ್ತದೆ. ಪಂಕ್ಚರಾದರೂ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಸುಮಾರು 80 ಕಿಲೋಮೀಟರು ಓಡಬಲ್ಲ ಟೈರುಗಳೂ ಇವೆ. ಒಳ್ಳೆಯ ಗುಣವೇ, ಆದರೆ ಗಾಳಿಯಿಲ್ಲದೆ ಭಾರ ಹೊರಬೇಕಾದ ಅವುಗಳ ಗೋಡೆ ಗಡುಸು. ಕುಳಿತ ಮನುಷ್ಯನ ಮೈ ಸೆಕೆಂಡಿಗೆ ನಾಲ್ಕರಿಂದ ಆರು ಸಲ ಮೇಲೆಕೆಳಗಾಗುವ ಕುಲುಕಿಗೆ ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂದಿಸುತ್ತದೆಯೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಮ್ಮ ಇದಾವುದನ್ನೂ ಓದಿದವಳಲ್ಲ. ದೊಡ್ಡ ಚಕ್ರದ ಕಾರು ಎರಡನೆಯ ಉಬ್ಬು ದಾಟಿದಾಗ, “ಇದು ಬೇಡ ಮಾರಾಯಾ” ಎಂದಳು. ಅದು ನಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಅಂಕ ಪಡೆದಿದ್ದ ಕಾರು.

ಆದರೆ ಆ ದಿನದ ದೊಡ್ಡ ಪಾಠ ಇನ್ನೂ ಬಾಕಿಯಿತ್ತು. ಪ್ರತಿಯೊಂದು ಕಾರಿನಲ್ಲೂ ಅಮ್ಮ ಹಿಂದಿನ ಬಾಗಿಲಿಗೇ ಹೋಗುತ್ತಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ನಾನು ಪಟ್ಟಿಯನ್ನು ಮತ್ತೊಮ್ಮೆ ನೋಡಿದೆ. ಗುಂಡಿ ಒತ್ತಿದರೆ ಏರುವ ಇಳಿಯುವ ಆಸನ: ಮುಂದೆ. ಸೊಂಟದ ಕುಳಿಗೆ ಒತ್ತುಕೊಡುವ ದಿಂಬು: ಮುಂದೆ. ಗಾಳಿ ಹಾಯುವ ಆಸನ, ಬೆನ್ನು ತಿಕ್ಕುವ ಆಸನ, ಕೂತವರ ಭಂಗಿಯನ್ನು ನೆನಪಿಟ್ಟುಕೊಳ್ಳುವ ಆಸನ: ಎಲ್ಲ ಮುಂದೆ. ಹಿಂದಿನವರ ಪಾಲಿಗೆ ಎರಡು ಗಾಳಿಯ ಕಿಂಡಿ, ಒಂದು ಮೊಳಕೈ ದಿಂಬು, ಫೋನಿಗೆ ವಿದ್ಯುತ್ತು. ಈ ಕಾರುಗಳನ್ನು ರಚಿಸಿದವರ ಮನಸ್ಸಿನಲ್ಲಿರುವ ಸಂಸಾರ ಗಂಡ ಹೆಂಡತಿಯರದು. ಹಿಂದೆ ಕೂರುವುದು ಮಕ್ಕಳು, ಅವರ ಬೆನ್ನಿಗೆ ದಿಂಬು ಬೇಡ. ನಮ್ಮ ಸಂಸಾರದಲ್ಲಿ ಹಿಂದೆ ಕೂರುವುದು ಅಮ್ಮ. ಸಾಲದ್ದಕ್ಕೆ ಹಿಂದಿನ ಆಸನ ಹಿಂಚಕ್ರಗಳಿಗೆ ಹತ್ತಿರ, ಅದರ ಕುಲುಕೆಲ್ಲ ಅಲ್ಲಿಯವರಿಗೇ. ಅರ್ಧ ಕೋಟಿಯ ಆಸುಪಾಸಿನ ಕಾರು ತಂದು, ಯಾರ ಬೆನ್ನಿಗಾಗಿ ತಂದೆವೋ ಅವರನ್ನು ಸುಖವೆಲ್ಲ ಮುಗಿಯುವ ಜಾಗದಲ್ಲಿ ಕೂರಿಸುವುದು ಎಲ್ಲಿಯ ನ್ಯಾಯ?

“ಅಮ್ಮಾ, ನೀನು ಮುಂದೆ ಕೂತುಕೋ” ಎಂದೆ.

ಅಮ್ಮ ಹಿಂಜರಿದಳು. “ಮುಂದೆ ನಾನ್ಯಾಕೆ? ನೀವು ಗಂಡಸರು ಕೂತುಕೊಳ್ಳಿ” ಎಂದಳು.

ಆ ಒಂದು ಮಾತಿನಲ್ಲಿ ನಮ್ಮ ಮನೆಯ ನಲವತ್ತು ವರ್ಷದ ಚರಿತ್ರೆಯಿತ್ತು. ಅಪ್ಪನ ಅಂಬಾಸಿಡರಿನಲ್ಲಿ ಮುಂದೆ ಬೆಂಚಿನಂಥ ಉದ್ದನೆಯ ಆಸನ. ಅಪ್ಪ ಓಡಿಸುವವರು, ಪಕ್ಕದಲ್ಲಿ ಅಜ್ಜ, ಅಜ್ಜ ಹೋದ ಮೇಲೆ ದೊಡ್ಡಪ್ಪ, ಅವರಿಲ್ಲದಾಗ ಬಂದ ನೆಂಟರಲ್ಲಿ ಹಿರಿಯ ಗಂಡಸು, ಯಾರೂ ಇಲ್ಲದಾಗ ಮನೆಯ ಹಿರಿಮಗ. ಅಮ್ಮ ಹಿಂದೆ, ತೊಡೆಯ ಮೇಲೆ ಒಂದು ಮಗು, ಕಾಲಬುಡದಲ್ಲಿ ಹಲಸಿನ ಹಣ್ಣು, ಕೈಯಲ್ಲಿ ನಿಂಬೆಹಣ್ಣು. ಅಮ್ಮನಿಗೆ ಕಾರು ಹತ್ತಿದರೆ ವಾಂತಿಯೆಂಬುದು ನಮ್ಮ ಮನೆಯಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆಂಬಷ್ಟು ನಿಶ್ಚಿತವಾದ ಸಂಗತಿಯಾಗಿತ್ತು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಅಪ್ಪ ಎರಡು ಸಲವಾದರೂ ಕಾರು ನಿಲ್ಲಿಸುತ್ತಿದ್ದರು. “ಅವಳ ದೇಹಪ್ರಕೃತಿಯೇ ಹಾಗೆ” ಎಂದು ಎಲ್ಲರೂ ಹೇಳುತ್ತಿದ್ದರು. ಅವಳೂ ಹಾಗೆಯೇ ನಂಬಿದ್ದಳು.

ಈ ವಾಂತಿಯ ಕಾರಣ ಈಗ ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ಒಳಗಿವಿಯಲ್ಲಿ ಚಲನೆಯನ್ನು ಅರಿಯುವ ಅಂಗವಿದೆ. ಕಾರು ತಿರುಗಿದರೆ ಅದು ‘ತಿರುಗಿತು’ ಎನ್ನುತ್ತದೆ. ಹಿಂದೆ ಕುಳಿತವರ ಕಣ್ಣಿಗೆ ಕಾಣುವುದು ಮುಂದಿನ ಆಸನದ ಬೆನ್ನು, ಅದು ಅಲುಗುವುದಿಲ್ಲ. ಕಣ್ಣು ‘ಇಲ್ಲ’ ಎನ್ನುತ್ತದೆ. ಇಬ್ಬರು ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದಾಗ ಮೆದುಳು ಗಾಬರಿಗೊಳ್ಳುತ್ತದೆ, ಹೊಟ್ಟೆ ತೀರ್ಪು ಕೊಡುತ್ತದೆ. ಮುಂದೆ ಕುಳಿತು ದಾರಿಯನ್ನು ನೋಡುವವರಿಗೆ ತಿರುವು ಮೊದಲೇ ಕಾಣುವುದರಿಂದ ಸಾಕ್ಷಿಗಳಲ್ಲಿ ಒಮ್ಮತ ಮೂಡುತ್ತದೆ. ಪ್ರಕೃತಿಯೆಂದು ನಾವು ಕರೆದದ್ದರಲ್ಲಿ ಎಷ್ಟು ಪಾಲು ಪೀಠದ್ದೋ!

ಅಮ್ಮ ಮುಂದೆ ಕುಳಿತಳು. ತರುಣ ಗುಂಡಿಯೊತ್ತಿ ಆಸನವನ್ನು ಏರಿಸಿ, ಸೊಂಟದ ದಿಂಬನ್ನು ಉಬ್ಬಿಸಿದ. ಗಾಡಿ ಹೊರಟಿತು. ಅದೇ ಗಲ್ಲಿ, ಅದೇ ಉಬ್ಬು. ಅಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಎದುರಿಗೆ ನೋಡುತ್ತಿದ್ದಳು. ಅರ್ಧ ಗಂಟೆಯ ಮೇಲೆ ಒಂದೇ ಮಾತು ಹೇಳಿದಳು: “ಇಷ್ಟೊಂದು ಕಾಣುತ್ತದಲ್ಲೋ ಇಲ್ಲಿಂದ!”

ಕೊನೆಗೆ ತೊಡಕು ಬಂದದ್ದು ಹಣದ ವಿಷಯಕ್ಕೆ. ಬೆಲೆಯನ್ನು ಅಮ್ಮನಿಗೆ ಹೇಳಿರಲಿಲ್ಲ. ಅವಳು ತರುಣನನ್ನೇ ಕೇಳಿ ತಿಳಿದುಕೊಂಡಳು. 50 ಲಕ್ಷದ ಕಾರೆಂದರೆ ಅದರೊಳಗೆ 14 ಲಕ್ಷಕ್ಕೂ ಮೇಲೆ ಜಿ.ಎಸ್.ಟಿ.ಯೇ ಇದೆ, ಅದರ ಮೇಲೆ ನಮ್ಮ ರಾಜ್ಯದಲ್ಲಿ 20 ಲಕ್ಷ ಮೀರಿದ ಕಾರಿಗೆ ಶೇಕಡಾ 18ರಂತೆ ಜೀವಿತಾವಧಿ ತೆರಿಗೆ 9 ಲಕ್ಷ, ಅದಕ್ಕೊಂದು ಸೆಸ್ಸು, ಮೇಲೆ ವಿಮೆ. ಅಮ್ಮ ಅಂದು ರಾತ್ರಿ ಊಟ ಮಾಡಲಿಲ್ಲ. “ನನ್ನ ಬೆನ್ನಿಗೆ ಇಷ್ಟು ಬೆಲೆ ಇಲ್ಲ ಮಗಾ. ನನ್ನನ್ನು ರೈಲಿನಲ್ಲಿ ವಾಪಸು ಕಳಿಸು” ಎಂದಳು. ತಮ್ಮ ಏನೋ ಹೇಳಹೋಗಿ ಗಂಟಲು ಕಟ್ಟಿ ಎದ್ದುಹೋದ. ಅವನು ಸಂಪಾದಿಸತೊಡಗಿದ ಮೇಲೆ ಅಮ್ಮ ಅವನಿಂದ ಏನನ್ನೂ ಕೇಳಿದವಳಲ್ಲ. ಕೊಟ್ಟದ್ದನ್ನು ಉಟ್ಟವಳೂ ಅಲ್ಲ, ಪೆಟ್ಟಿಗೆಯಲ್ಲಿಟ್ಟವಳು. ಇದನ್ನೂ ಅವಳು ಪೆಟ್ಟಿಗೆಯಲ್ಲಿಡುತ್ತಾಳೆಂದು ಅವನ ಸಂಕಟ. ಆ ರಾತ್ರಿ ಅಣ್ಣತಮ್ಮಂದಿರು ಕುಳಿತು ಪಟ್ಟಿಯ ನಲವತ್ತು ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿದೆವು. ಉಳಿದದ್ದು ಆರು: ಆಸನದ ಎತ್ತರ, ಬಾಗಿಲಿನ ಅಗಲ, ಹಿಡಿ, ಸೊಂಟದ ಆಧಾರ, ಟೈರಿನ ಗೋಡೆ, ಉಬ್ಬು ದಾಟುವ ನಯ. ಗಾಜಿನ ಚಾವಣಿಯೂ ದೊಡ್ಡ ಚಕ್ರವೂ ಬಣ್ಣದ ದೀಪವೂ ಇಲ್ಲದ ಕೆಳದರ್ಜೆಯೇ ನಮಗೆ ಮೇಲೆಂದು ತೀರ್ಮಾನವಾಯಿತು; ಹಣದಲ್ಲೂ ಕೆಲವು ಲಕ್ಷ ಇಳಿಯಿತು. ಬೆಳಿಗ್ಗೆ ಲೆಕ್ಕವನ್ನು ಅಮ್ಮನ ಮುಂದಿಟ್ಟೆವು. ಬಹಳ ಹೊತ್ತು ನೋಡಿ, “ಆಯಿತು. ಕಾರು ಅವನದು, ಮುಂದಿನ ಜಾಗ ನನ್ನದು. ಆಮೇಲೆ ಯಾವ ನೆಂಟ ಬಂದರೂ ಏಳುವುದಿಲ್ಲ” ಎಂದಳು.

ತುಳಸಿಪೂಜೆಯ ಹೊತ್ತಿಗೆ ಕಾರು ಊರಿಗೆ ಬಂತು. ಮರುದಿನವೇ ಆಗುಂಬೆಯ ದಾರಿ ಹಿಡಿದೆವು. ತಮ್ಮ ಓಡಿಸುತ್ತಿದ್ದ, ಅಮ್ಮ ಪಕ್ಕದಲ್ಲಿ, ನಾನು ಹಿಂದೆ. ಪ್ರತಿ ತಿರುವನ್ನೂ ಅಮ್ಮ ಮೊದಲೇ ಕಂಡು, “ಬಸ್ಸು ಬಂತು, ನಿಧಾನ” ಎಂದು ತಮ್ಮನಿಗೆ ಅಪ್ಪಣೆ ಕೊಡುತ್ತಿದ್ದಳು. ಹದಿನಾಲ್ಕೂ ತಿರುವು ಮುಗಿಯಿತು. ಕಾರು ಒಂದು ಸಲವೂ ನಿಲ್ಲಲಿಲ್ಲ. ದೊಡ್ಡಮ್ಮ ಜಗಲಿಯ ಕಂಬ ಹಿಡಿದು ನಿಂತಿದ್ದರು. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿ ಮೊದಲು ಏನೂ ಮಾತಾಡಲಿಲ್ಲ. ಆಮೇಲೆ ಅಮ್ಮ ಸೆರಗಿನ ಗಂಟು ಬಿಚ್ಚಿ, ದಾರಿಗೆಂದು ತಂದಿದ್ದ ನಿಂಬೆಹಣ್ಣನ್ನು ಅಕ್ಕನ ಕೈಗಿಟ್ಟು, “ತಗೋ, ಇದು ಬೇಕಾಗಲಿಲ್ಲ. ಪಾನಕ ಮಾಡು” ಎಂದಳು.

ಕಾರು ಕೊಳ್ಳಹೊರಟ ಮಿತ್ರರು ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟೇ: ಪುಸ್ತಿಕೆಯನ್ನು ಓದಿ, ಆದರೆ ಯಾರಿಗಾಗಿ ಕೊಳ್ಳುತ್ತೀರೋ ಅವರನ್ನು ಕರೆದುಕೊಂಡು ಹೋಗಿ. ಒಂದು ಗಲ್ಲಿ, ಎರಡು ಉಬ್ಬು, ಒಂದು ಗೇಣು, ಇಷ್ಟಿದ್ದರೆ ಪರೀಕ್ಷೆಗೆ ಸಾಕು. ಸೌಕರ್ಯಗಳನ್ನು ಎಣಿಸುವ ಮುಂಚೆ ಅವು ಯಾವ ಪೀಠದಲ್ಲಿವೆ, ಆ ಪೀಠದಲ್ಲಿ ನಿಮ್ಮ ಮನೆಯವರು ಯಾರು ಕೂರುತ್ತಾರೆ ಎಂಬುದನ್ನು ನೋಡಿಕೊಳ್ಳಿ. ಕಾರು ಕೊಳ್ಳುವ ಶಕ್ತಿಯಿಲ್ಲದವರಿಗೂ ಈ ಪರೀಕ್ಷೆಯ ಕೊನೆಯ ಪ್ರಶ್ನೆ ಅನ್ವಯಿಸುತ್ತದೆ. ಬಸ್ಸಿನಲ್ಲೂ ಮುಂದಿನ ಸೀಟು ಎಂಬುದೊಂದಿದೆ, ಮನೆಯಲ್ಲೂ ಫ್ಯಾನಿನ ಕೆಳಗಿನ ಜಾಗವೆಂಬುದೊಂದಿದೆ.